ಬಾಯಿ ಮೇಲಾದ ಮೊರ

ಬಸ್ ನಿಲ್ದಾಣದ ಬೆಂಚಿನ ಮೇಲೆ ನನ್ನ ಚಿಕ್ಕಪ್ಪ ಕೂತಿದ್ದರು. ಅದೇ ಬಣ್ಣ, ಅದೇ ಕೂಡುಹುಬ್ಬು, ಮಣಿಕಟ್ಟಿಗೆ ಅರಿಶಿನದ ದಾರ. ತಿ. ನರಸೀಪುರದಲ್ಲಿ ನನ್ನನ್ನು ಬೀಳ್ಕೊಟ್ಟ ಮನುಷ್ಯ ಹಿಂದೂ ಮಹಾಸಾಗರದ ನಡುವಿನ ಈ ದ್ವೀಪಕ್ಕೆ ನನಗಿಂತ ಮೊದಲೇ ಬಂದು ಕಾಲಮೇಲೆ ಕಾಲು ಹಾಕಿ ಕೂತಿದ್ದರು. ವಿಮಾನದ ಸುಸ್ತಿನಲ್ಲಿ ಕನ್ನಡದಲ್ಲೇ ಕೇಳಿಬಿಟ್ಟೆ: “ಅಣ್ಣಾ, ಸ್ಯಾಂ-ಪೋಲಿನ ಬಸ್ಸು ಇಲ್ಲೇ ನಿಲ್ತದಾ?”

“ಮಿ ಕೊಂಪ್ರಾ ಪಾ, ಮೋ ಫಿ,” ಎಂದರು ಅವರು. ನನಗೆ ತಿಳಿಯೋದಿಲ್ಲ ಮಗಳೇ ಎಂದು ಅದರ ಅರ್ಥ. ಭಾಷೆ ಕ್ರಿಯೋಲ್. ಕಬ್ಬಿನ ತೋಟಕ್ಕೆಂದು ಆಫ್ರಿಕಾದಿಂದ, ಮಡಗಾಸ್ಕರಿನಿಂದ, ತಮಿಳು ಸೀಮೆಯಿಂದ ತಂದು ಇಳಿಸಿದ ಜನ, ತೋಟದ ಒಡೆಯರ ಫ್ರೆಂಚನ್ನು ಮುರಿದು ತಮಗೆ ಬೇಕಾದಂತೆ ಕಟ್ಟಿಕೊಂಡ ಭಾಷೆ. ಇಂದಿಗೂ ಫ್ರಾನ್ಸಿಗೆ ಸೇರಿದ ಈ ದ್ವೀಪದ ಹೆಸರು ರಿಯೂನಿಯನ್.

ಊರಿನವರಿಗೆಲ್ಲ ಈ ಚಿಕ್ಕಪ್ಪನ ಕಥೆಯನ್ನೇ ಮೊದಲು ಹೇಳಿದೆ. ಈಗ ಆ ಮನುಷ್ಯ ಆಗಾಗ ಸಿಗುತ್ತಾರೆ. ಚಿಕ್ಕಪ್ಪನಿಗೂ ಅವರಿಗೂ ಒಂದಿಷ್ಟೂ ಹೋಲಿಕೆಯಿಲ್ಲ. ಹೀಗಾಗಿ, ಮುಂದೆ ನಾನು ನೆನಪೆಂದು ಹೇಳುವುದನ್ನು ಸ್ವಲ್ಪ ತಟ್ಟಿ ನೋಡಿಯೇ ತೆಗೆದುಕೊಳ್ಳಿ.

ಮೈಸೂರಿನಲ್ಲಿ ವಿನ್ಯಾಸ ಓದಿದ ನನ್ನನ್ನು ಇಲ್ಲಿಗೆ ಒಂದು ವರ್ಷಕ್ಕೆಂದು ಕರೆಸಿಕೊಂಡವಳು ಎಸ್ತೆಲ್. ಅವಳದು ಸಣ್ಣ ಕಾರ್ಯಾಗಾರ. ಕ್ರಿಯೋಲ್ ಮನೆಗಳ ಹಳೆಯ ಸಾಮಾನುಗಳಿಂದ ಇಂದಿನ ಮನೆಗೆ ಹೊಸ ವಸ್ತುಗಳನ್ನು ಹುಟ್ಟಿಸುವುದು ಅವಳ ಕೆಲಸ. ಇಲ್ಲಿಯ ಹಳೆಯ ಮನೆಗಳ ಸೂರಿನಂಚಿಗೆ ಲೇಸಿನಂತೆ ಕತ್ತರಿಸಿದ ಪಟ್ಟಿ ಇಳಿಬಿದ್ದಿರುತ್ತದೆ, ಲಾಂಬ್ರೆಕ್ಯಾಂ ಎನ್ನುತ್ತಾರೆ. ಮಳೆನೀರು ಗೋಡೆಗೆ ತಾಗದೆ ಅದರ ತುದಿಯಿಂದ ತೊಟ್ಟಿಕ್ಕುತ್ತದೆ. ಎಸ್ತೆಲ್ ಅದನ್ನು ಪುಸ್ತಕದ ಕಪಾಟಿನ ಅಂಚಾಗಿಸಿದ್ದಳು. ಕೇದಗೆಯ ಜಾತಿಯ ವಕೋವಾ ಎಲೆಯ ಚೀಲದ ಹೆಣಿಗೆಯನ್ನು ಕುರ್ಚಿಯ ಬೆನ್ನಾಗಿಸಿದ್ದಳು. ನಮ್ಮಲ್ಲಿ ಹಳೆಯ ಸಾಮಾನು ಅಟ್ಟಕ್ಕೆ ಹೋಗುತ್ತದೆ, ಇಲ್ಲವೇ ಗುಜರಿಗೆ. ಇಲ್ಲಿ ಅದಕ್ಕೆ ಎರಡನೆಯ ಜನ್ಮ ಕೊಡುವುದನ್ನೇ ಕಸುಬು ಮಾಡಿಕೊಂಡವರಿದ್ದಾರೆ ಎಂದು ಬೆರಗಾಯಿತು. ಸ್ವಲ್ಪ ಅನುಮಾನವೂ ಆಯಿತು.

ಬಾಡಿಗೆಗೆ ಕೋಣೆ ಸಿಕ್ಕಿದ್ದು ರೋಜ್ ಎಂಬ ವಿಧವೆಯ ಹಿತ್ತಲಲ್ಲಿ. ಅವರನ್ನು ಎಲ್ಲರೂ ತಾಂತೀನ್ ಎಂದು ಕರೆಯುತ್ತಾರೆ. ನಮ್ಮ ಅತ್ತೆ, ಚಿಕ್ಕಮ್ಮ ಎರಡೂ ಅದರೊಳಗಿವೆ. ಇಲ್ಲಿ ಯಾರ ಬಾಗಿಲನ್ನೂ ತಟ್ಟುವಂತಿಲ್ಲ. ಗೇಟಿನಾಚೆ ನಿಂತು ‘ಜನ ಇದ್ದೀರಾ?’ ಎಂದು ಕೂಗಬೇಕು, ಒಳಗಿನವರು ಬಂದು ನೋಡುವವರೆಗೂ ಕಾಯಬೇಕು. ನರಸೀಪುರದಲ್ಲಿ ಕೂಗುತ್ತಲೇ ಅಡುಗೆಮನೆಗೆ ನುಗ್ಗಿ ಅಭ್ಯಾಸವಾದ ನಾನು ಮೊದಲ ದಿನವೇ ಬೈಸಿಕೊಂಡೆ.

ಊಟದ್ದು ಅಷ್ಟು ಕಷ್ಟವಾಗಲಿಲ್ಲ. ಅನ್ನ, ಕಾಳು, ಖಾರದ ಚಟ್ನಿಯಂಥ ರುಗಾಯ್. ಸೊಪ್ಪಿಗೆ ಇಲ್ಲಿ ಬ್ರೆಡ್ ಎಂದು ಹೆಸರು, ನಮಗೆ ಗೊತ್ತಿರುವ ಬ್ರೆಡ್ಡಿಗೂ ಅದಕ್ಕೂ ಸಂಬಂಧವಿಲ್ಲ. ಸಂತೆಯಲ್ಲಿ ನುಗ್ಗೆಸೊಪ್ಪನ್ನು ಕಂಡ ದಿನ ಬಸ್ಸಾರು ಮಾಡಿದೆ. ರಾಗಿ ಸಿಗದೆ ಮುದ್ದೆಯಿಲ್ಲ. ಭಾನುವಾರಗಳದ್ದೇ ಕಷ್ಟ. ಅಂದು ಇಡೀ ದ್ವೀಪ ಅನ್ನದ ಪಾತ್ರೆಗಳನ್ನು ಹೊತ್ತು, ಅಜ್ಜಿ ಮೊಮ್ಮಕ್ಕಳ ಸಮೇತ ಸಮುದ್ರದ ದಂಡೆಗೋ ಮರದ ನೆರಳಿಗೋ ಹೋಗಿ ಉಣ್ಣುತ್ತದೆ. ಬೀದಿಯಲ್ಲಿ ಉಳಿಯುವವರು ನಾಯಿಗಳು ಮತ್ತು ಪರದೇಶಿಗಳು. ತಾಂತೀನ್ ಮಾತ್ರ ಹೊರಡುವ ಮುಂಚೆ ನನ್ನ ಕಿಟಕಿಯ ಮೇಲೆ ಮುಚ್ಚಿದ ತಟ್ಟೆಯೊಂದನ್ನು ಇಟ್ಟು ಹೋಗುತ್ತಿದ್ದರು.

ಅವರು ಬಿದಿರಿನ ಮೊರ ಹೆಣೆಯುತ್ತಾರೆ. ಇಲ್ಲಿಯವರು ಅದನ್ನು ವಾನ್ ಎನ್ನುತ್ತಾರೆ. ಆಕಾರ ನಮ್ಮದಕ್ಕಿಂತ ದುಂಡು, ಕೆಲಸ ಒಂದೇ, ಅಕ್ಕಿ ಕೇರುವುದು. ಅದನ್ನು ನೋಡಿದಾಗಲೇ ನನ್ನ ತಲೆಯಲ್ಲಿ ದೀಪ ಹೊತ್ತಿತು. ಗೌರಿ ಹಬ್ಬ, ಅವ್ವ ಒಂದು ಮೊರದ ಮೇಲೆ ಇನ್ನೊಂದನ್ನು ಬೋರಲು ಹಾಕಿ ಬಾಗಿನ ಕಟ್ಟುತ್ತಿದ್ದುದು, ಸಂದಿನಿಂದ ಇಣುಕುವ ಬಳೆ, ಅರಿಶಿನ. ಬಾಯಿಗೆ ಬಾಯಿ ಕೂಡಿಸಿದ ಎರಡು ವಾನ್, ಒಳಗೊಂದು ಬಲ್ಬು, ಹೆಣಿಗೆಯ ಸಂದಿನಿಂದ ಸೋರುವ ಬೆಳಕು. ಎಸ್ತೆಲ್ ಚಿತ್ರ ನೋಡಿ ಕುಣಿದಳು. ವರ್ಷದ ಪ್ರದರ್ಶನಕ್ಕೆ ಇದೇ ಮುಖ್ಯ ವಸ್ತು ಎಂದಳು. ಇದು ನಿಂತರೆ ನಾನೂ ಇಲ್ಲಿ ನಿಲ್ಲುತ್ತೇನೆ, ಇಲ್ಲವಾದರೆ ವರ್ಷ ಮುಗಿದ ಮೇಲೆ ಇಟ್ಟುಕೊಳ್ಳಲು ಅವಳಿಗೆ ಕಾರಣವಿಲ್ಲ. ಇದನ್ನೂ ಅವಳು ಅಷ್ಟೇ ನೇರವಾಗಿ ಹೇಳಿದಳು.

ತಾಂತೀನರ ಅಂಗಳದಲ್ಲಿ ಎರಡು ವಾನ್‌ಗಳನ್ನು ಕೂಡಿಸಿ ತೋರಿಸಿದೆ. ಅವರು ಮೇಲಿನದನ್ನು ಸರಕ್ಕನೆ ಎತ್ತಿ ಗೋಡೆಗೆ ಒರಗಿಸಿದರು.

“ಇದನ್ನ ಯಾರ ಮನೇಲಿ ತೂಗುಹಾಕ್ತೀಯ?” ಎಂದರು. “ಆ ಮನೇಲಿ ಯಾರು ಸತ್ತಿದ್ದಾರೆ?”

ಅವರ ಮನೆತನದಲ್ಲಿ ಹೋದವರಿಗೆ ವಾನ್‌ನಲ್ಲಿ ಎಡೆ ಇಡುತ್ತಾರೆ. ಎಡೆಯಾದ ಮೇಲೆ ಇನ್ನೊಂದು ವಾನ್ ಬೋರಲು ಮುಚ್ಚಿ ಹಳ್ಳಕ್ಕೆ ಒಯ್ದು ಬಿಡುತ್ತಾರೆ. ಅವರ ಗಂಡನಿಗೆ ಹಾಗೆ ಮುಚ್ಚಿದ್ದೇ ಕೊನೆ, ಮತ್ತೆ ಯಾರೂ ಎರಡು ವಾನ್‌ಗಳನ್ನು ಜೋಡಿಸಿಲ್ಲ. ನಮ್ಮಲ್ಲಿ ಇದು ಮುತ್ತೈದೆಯರ ಬಾಗಿನ ಎಂದು ತಿಳಿಸಲು ಹೋದೆ. ವಿಧವೆಯ ಎದುರು ಅದನ್ನು ಯಾವ ಭಾಷೆಯಲ್ಲಿ ಹೇಳಿದರೂ ಚೆನ್ನಾಗಿರುವುದಿಲ್ಲ ಎಂದು ಅರ್ಧ ಹೇಳಿದ ಮೇಲೆ ಹೊಳೆಯಿತು.

ಬೇರೆ ಕಡೆಯಿಂದ ವಾನ್ ತರಿಸೋಣ ಎಂದಳು ಎಸ್ತೆಲ್. ಹಾಗೆ ತರಿಸಿ, ತಾಂತೀನರ ಸಂಸ್ಕೃತಿಯಿಂದ ಹುಟ್ಟಿದ್ದು ಎಂದು ಚೀಟಿ ಅಂಟಿಸಿ, ಸಂಜೆ ಅದೇ ತಾಂತೀನರ ಗೇಟಿನಲ್ಲಿ ನಿಂತು ‘ಜನ ಇದ್ದೀರಾ’ ಎಂದು ಕೂಗುವುದು ನನ್ನಿಂದಾಗುವಂತಿರಲಿಲ್ಲ. ಆ ಭಾನುವಾರ ಕಿಟಕಿಯ ಮೇಲೆ ತಟ್ಟೆ ಇರಲಿಲ್ಲ. ಊರಿಗೆ ಹೊರಡುವ ಮಾತನ್ನು ಮನಸ್ಸಿನಲ್ಲೇ ಬರೆದು, ಹೊಡೆದುಹಾಕಿ, ಕಡೆಗೆ ಅವ್ವನಿಗೆ ಫೋನು ಮಾಡಿದೆ. ಬಾಗಿನವನ್ನು ಅವ್ವ ಹೇಗೆ ಕಟ್ಟುತ್ತಿದ್ದಳೋ ಸರಿಯಾಗಿ ಕೇಳಿಕೊಂಡರೆ ತಾಂತೀನರಿಗೆ ಇನ್ನೂ ಚೆನ್ನಾಗಿ ಒಪ್ಪಿಸಬಹುದೆಂಬ ಆಸೆ.

“ನಾನೆಲ್ಲಮ್ಮಿ ಬಾಗ್ನ ಕೊಟ್ಟೆ?” ಎಂದಳು ಅವ್ವ. “ಗ್ವಾಡೆ ಮ್ಯಾಲೆ ಬುದ್ಧನ ಪಟ ಮಡೀಕಂಡಿರೋ ಮನೇಲಿ ಗೌರಿ ಎಲ್ಲಿಂದ ಬಂದ್ಲು? ಅದು ಎದುರುಮನೆ ಸಿದ್ದರಾಜಮ್ಮೋರ್ದು. ನೀನು ಅವರ ಜಗಲಿ ಮ್ಯಾಲೆ ಕುಂತು ಬಾಯಿ ಬುಟ್ಕಂಡು ನೋಡ್ತಿದ್ದೆ.”

ನನ್ನ ವಿನ್ಯಾಸಕ್ಕೆ ಆಧಾರವಾಗಿದ್ದ ನೆನಪು ಎದುರುಮನೆಯದು. ಹಾಗಾದರೆ ನಮ್ಮ ಮನೆಯಲ್ಲಿ ಮೊರ ಯಾತಕ್ಕಿತ್ತು ಎಂದೆ.

“ಅಕ್ಕಿ ಕೇರಕ್ಕೆ. ಇನ್ನೊಂದ್ಸಲ ನಿನ್ನ ಮನಗ್ಸಕ್ಕೆ.” ಎರಡು ಕೂಸು ದಕ್ಕಿರಲಿಲ್ಲವಂತೆ. ಆಮೇಲೆ ಹುಟ್ಟಿದ ನನ್ನನ್ನು ಹೆಮ್ಮರಗಾಲದ ಅಜ್ಜಿ ಮೊರದಲ್ಲಿ ಹಾಕಿ ತಿಪ್ಪೆಯ ಮೇಲಿಟ್ಟು, ಬೇಕಾದವರು ಎತ್ಕೊಳ್ಳಿ ಎಂದು ಕೂಗಿದಳಂತೆ. ಬೇಡವಾದ ಕೂಸೆಂದು ಸಾವು ಮುಖ ತಿರುಗಿಸಿಕೊಂಡು ಹೋಗಲಿ ಎಂದು. ಪಕ್ಕದ ಮನೆಯಾಕೆ ಎತ್ತಿಕೊಂಡು ಬಂದು ಅವ್ವನಿಗೇ ಮಾರಿದಳು. “ಒಂದ್ ಮೊರ ತೌಡಿಗೆ ತಕ್ಕಂಡೆ ಕಣಮ್ಮಿ ನಿನ್ನ. ಅದೂ ಜಾಸ್ತಿ ಆಯ್ತು ಅಂತವ ನಿಮ್ಮಜ್ಜಿ ಬೈದ್ಲು.”

ಹಿಂದಿನಿಂದ ಚಿಕ್ಕಮ್ಮನ ದನಿ ಬಂತು. “ಅದು ಇವಳಲ್ಲ ಕಣಕ್ಕ, ಇವಳ ಅಣ್ಣ. ಇಲ್ದಿದ್ರೆ ಅವನಿಗ್ಯಾಕೆ ತಿಪ್ಪೇಶ ಅಂತ ಎಸರು ಮಡಗ್ತಿದ್ರಿ?”

ಅವ್ವ ತುಸು ಯೋಚಿಸಿದಳು. “ಇಬ್ರುನೂ ಮನಗ್ಸಿದ್ದೋ ಏನೋ. ಮೊರ ಅಂತೂ ಒಂದೇಯ.”

ಸಂಜೆ ತಾಂತೀನ್ ದಂಡೆಯಿಂದ ಮರಳಿದೊಡನೆ ಅವರ ಅಡುಗೆಕೋಣೆಯ ಹೊರಗೆ ನಿಂತು ಕೂಗಿದೆ, ಕಾದೆ. ಅವರು ಬಂದು ಮೋಟು ಬೆಂಚನ್ನು ಕಾಲಿನಿಂದ ನನ್ನತ್ತ ತಳ್ಳಿದರು. ಬಾಗಿನ ನಮ್ಮದಲ್ಲ ಎಂದೆ. ತಿಪ್ಪೆ, ತೌಡು, ನಾನೋ ಅಣ್ಣನೋ ಎಂಬ ಜಗಳ, ಎಲ್ಲವನ್ನೂ ನನ್ನ ಹರಕು ಕ್ರಿಯೋಲಿನಲ್ಲಿ ಒಪ್ಪಿಸಿದೆ.

“ವಾನ್ ಬಾಯಿ ಮೇಲಾಗಿತ್ತಾ?” ಎಂದು ಕೇಳಿದರು.

“ಒಳಗೆ ಕೂಸಿತ್ತಲ್ಲ ತಾಂತೀನ್.”

ಅವರು ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಇಡೀ ಮೈಯಲ್ಲಿ. ತಮ್ಮ ಅಂಗಳದಲ್ಲೂ ಒಂದೊಂದು ಸಂಗತಿಗೆ ಮೂರು ಮೂರು ಕಥೆ ಇವೆ, ಮೂರಕ್ಕೂ ಸಾಕ್ಷಿ ಹೇಳುವವರಿದ್ದಾರೆ ಎಂದರು. ಕಣ್ಣೊರೆಸಿಕೊಂಡು ಹೇಳಿದರು: “ಒಂದೇ ಹೆಣೀತೀನಿ. ದೊಡ್ಡದು. ಅದರ ಮೇಲೆ ಏನನ್ನೂ ಮುಚ್ಚಬೇಡ.”

ಹಾಗೆ ದೀಪ ಬದಲಾಯಿತು. ಮೂರು ಗಿಡ್ಡ ಕಾಲುಗಳ ಮೇಲೆ ಆಕಾಶ ನೋಡುತ್ತ ಮಲಗಿದ ಒಂದೇ ಅಗಲವಾದ ವಾನ್. ಒಳಮೈಗೆ ತೆಳ್ಳನೆಯ ಕಾಗದ, ಬೆಳಕು ಕೆಳಗಿನಿಂದ. ಕಾಗದ ಬಿದಿರಿಗೆ ಹಿಡಿಯದೆ ಸುಲಿದು ಬರುತ್ತಿತ್ತು. ನಮ್ಮಲ್ಲಿ ಹೊಸ ಮೊರದ ಸಂದು ಮುಚ್ಚುವಂತೆ ಮೆಂತ್ಯ ನೆನೆಸಿ ರುಬ್ಬಿ ಬಳಿ ಎಂದಳು ಅವ್ವ. ಬಳಿದೆವು. ಕಾರ್ಯಾಗಾರವೆಲ್ಲ ಮೆಂತ್ಯದ ವಾಸನೆ. ತಮ್ಮ ಮಸಾಲೆಪುಡಿಯ ವಾಸನೆ ಇದು ಎಂದು ತಾಂತೀನ್ ಮೂಸಿದರು. ಒಣಗಿದ ಮೇಲೆ ಬೆಳಕು ಹಳೆಯ ತುಪ್ಪದ ಬಣ್ಣಕ್ಕೆ ಬಂತು.

ಪ್ರದರ್ಶನದಲ್ಲಿ ಮುದುಕಿಯೊಬ್ಬರು ಇದು ತಮ್ಮ ಅಜ್ಜಿಯ ವಾನ್ ಎಂದು ಮೊಮ್ಮಗಳಿಗೆ ತೋರಿಸುತ್ತಿದ್ದರು. ವಿಡಿಯೋದಲ್ಲಿ ಅವ್ವ ನೋಡಿ, “ಇದ್ರಲ್ಲಿ ಅಕ್ಕಿ ಕೇರಕ್ಕಾಯ್ತದಾ?” ಎಂದಳು. ಆಗುವುದಿಲ್ಲ, ಬೆಳಕಿಗೆ ಎಂದೆ. “ಯಾಕೆ, ಅಲ್ಲೂ ಕರೆಂಟ್ ತೆಗೀತಾರಾ?”

ಎಸ್ತೆಲ್ ನನ್ನನ್ನು ಕೆಲಸದಲ್ಲಿ ಮುಂದುವರಿಸಿದಳು. ಆ ಸಂಜೆ ಬೆನ್ನ ಮೇಲಿಂದ ಮೂಟೆ ಇಳಿದಂತಾಗಿ, ಬಸ್ಸು ಬಿಟ್ಟು ನಡೆದೇ ಬಂದೆ.

ಅದೇ ವಾರ ಸಂತೆಯಲ್ಲಿ ಮಾರ್ಮಿತ್ ಕೊಂಡೆ. ಹತ್ತು ಜನಕ್ಕೆ ಬೇಯಿಸುವ, ದಪ್ಪ ತಳದ ಅಲ್ಯುಮಿನಿಯಂ ಪಾತ್ರೆ. ಅಲ್ಲಿಯವರೆಗೆ ನಾನು ಕೊಂಡಿದ್ದೆಲ್ಲ ಸೂಟ್‌ಕೇಸಿನಲ್ಲಿ ಹಿಡಿಸುವಂಥದ್ದೇ. ಭಾನುವಾರ ತಾಂತೀನರ ಮನೆಯವರೊಂದಿಗೆ ದಂಡೆಗೆ ಹೋಗುವಾಗ ಅದರ ತುಂಬ ಬಸ್ಸಾರು ಹೊತ್ತೆ. ಹೋಗುವ ದಾರಿಯಲ್ಲಿ ಅವ್ವನ ಫೋನು ಬಂತು: ನನ್ನ ಮಂಚವನ್ನು ತಿಪ್ಪೇಶಣ್ಣನ ಮಗಳಿಗೆ ಕೊಟ್ಟಾಯಿತು, ಸುಮ್ಮನೆ ಜಾಗ ತಿನ್ನುತ್ತಿತ್ತು, ನಾನು ಬಂದಾಗ ಚಾಪೆ ಹಾಸಿದರಾಯಿತು. ಒಳ್ಳೆಯದಾಯಿತು ಎಂದೆ. ನಿಜಕ್ಕೂ ಹಗುರವೆನಿಸಿತು. ಆದರೂ ಆ ಮಂಚದ ತಲೆದೆಸೆ ಕಿಟಕಿಯ ಕಡೆಗಿತ್ತೋ ಬಾಗಿಲ ಕಡೆಗೋ ಎಂದು ದಾರಿಯುದ್ದಕ್ಕೂ ನೆನಪಿಸಿಕೊಳ್ಳುತ್ತಲೇ ಇದ್ದೆ. ಎಷ್ಟು ಯೋಚಿಸಿದರೂ ತಿಳಿಯಲಿಲ್ಲ. ಅಷ್ಟರಲ್ಲಿ ಸಮುದ್ರ ಬಂತು. ಪಾತ್ರೆಯ ಒಂದು ಕಿವಿಯನ್ನು ನಾನು ಹಿಡಿದೆ, ಇನ್ನೊಂದನ್ನು ತಾಂತೀನ್ ಹಿಡಿದರು.