ಎಡಗಡೆ ನನ್ನದು

ಬಸ್ಸಿನ ಬಲಗಡೆ ಡ್ರೈವರನದು, ಎಡಗಡೆ ಕಂಡಕ್ಟರನದು. ಇದನ್ನು ಯಾವ ಲೈಸೆನ್ಸಿನಲ್ಲೂ ಬರೆದಿಲ್ಲ. ಆದರೆ ಸಾಗರದಿಂದ ಹೊಸನಗರದ ಮೇಲೆ ನಿಟ್ಟೂರಿಗೆ ಹೋಗುವ ನಮ್ಮ ಪ್ರೈವೇಟ್ ಬಸ್ಸಿನಲ್ಲಿ ಅವನೂ ನಾನೂ ವರ್ಷಾನುಗಟ್ಟಲೆ ಬದುಕಿದ್ದು ಹೀಗೇ. ಅವನು ಡ್ರೈವರ್, ನಾನು ಕಂಡಕ್ಟರ್. ಎದುರಿನಿಂದ ಲಾರಿ ಬಂದರೆ ಅದಕ್ಕೆ ಮೈ ತಾಗದ ಹಾಗೆ ಬಲಗಡೆ ನೋಡಿಕೊಳ್ಳುವುದು ಅವನ ಕೆಲಸ. ಎಡಗಡೆಯ ಚಕ್ರ ಡಾಂಬರು ಬಿಟ್ಟು ಕೆಳಗಿಳಿಯದ ಹಾಗೆ ನೋಡುವುದು ಮುಂದಿನ ಬಾಗಿಲಲ್ಲಿ ನೇತಾಡುವ ನನ್ನ ಕೆಲಸ. ಅಂಚು ಹತ್ತಿರ ಬಂತೋ, ಅಂಗೈಯಲ್ಲಿ ತಗಡಿಗೆ ಒಂದೇಟು ಬಡಿಯುತ್ತಿದ್ದೆ. ಅವನು ಅಲ್ಲೇ ನಿಲ್ಲಿಸುತ್ತಿದ್ದ. ನಾನು ಬಡಿಯದೆ ಸುಮ್ಮನಿದ್ದರೆ ಇನ್ನೂ ಜಾಗ ಇದೆ, ಎಳೆಯಬಹುದು ಎಂದು ಅರ್ಥ. 

ಎಡಗಡೆಯ ಕನ್ನಡಿಯನ್ನು ಅವನು ನೋಡುತ್ತಲೇ ಇರಲಿಲ್ಲ. ನೋಡಲಿಕ್ಕೆ ಕನ್ನಡಿ ಇದ್ದರೆ ತಾನೆ! ನಮ್ಮ ದಾರಿಯಲ್ಲಿ ಮರದ ಕೊಂಬೆ ಬಡಿದು ಅದು ಒಡೆಯುವುದು, ಓನರ್ ಬೈದುಕೊಂಡು ಹೊಸದು ಹಾಕಿಸುವುದು, ಅದೂ ಒಡೆಯುವುದು. ಕೊನೆಗೆ ಅವರು ಹಾಕಿಸುವುದನ್ನೇ ಬಿಟ್ಟರು. 

"ನಿನ್ನ ಮುಸುಡಿಗಿಂತ ಆ ಕನ್ನಡಿನೇ ಚಂದ ಇತ್ತು ಮಾರಾಯ," ಎಂದು ಅವನು ಛೇಡಿಸುತ್ತಿದ್ದ.

"ಹಂಗಾರೆ ಕನ್ನಡಿ ಹತ್ರನೇ ಟಿಕೆಟ್ ಹರಿಸ್ಕ," ಎನ್ನುತ್ತಿದ್ದೆ ನಾನು.

ಕೊರೊನಾದ ಎರಡನೇ ಅಲೆ ಬಂದಾಗ ಬಸ್ಸು ನಿಂತಿತು. ಸಾಗರದ ಶೆಡ್ಡಿನಲ್ಲಿ ಟಾರ್ಪಾಲು ಹೊದಿಸಿ ಇಟ್ಟು ಬಂದೆವು. ಮೊದಲ ಸಲ ಹೀಗೆ ನಿಂತಾಗ ಹೆದರಿಕೆಯಾಗಿತ್ತು, ಈ ಸಲ ಅದೂ ಆಗಲಿಲ್ಲ. ಬೆಳಿಗ್ಗೆ ಚಹಾ ಕುಡಿದು ಜಗಲಿಯಲ್ಲಿ ಕೂತರೆ ಊಟಕ್ಕೆ ಕರೆಯುವವರೆಗೂ ಅಲ್ಲೇ ಕೂತಿರುತ್ತಿದ್ದೆ. ಇಂಥವರು ಹೋದರಂತೆ, ಅಂಥವರು ಹೋದರಂತೆ ಎಂದು ಫೋನು ಬರುತ್ತಿತ್ತು. "ಹೌದಾ" ಎನ್ನುತ್ತಿದ್ದೆ.  

ಅವನು ಹಾಗೆ ಕೂರುವ ಆಸಾಮಿಯಲ್ಲ. ಸಾಗರದ ಒಂದು ಪಾರ್ಸೆಲ್ ಗೋಡೌನಿನಲ್ಲಿ ಪಿಕಪ್ ಓಡಿಸುವವರು ಬೇಕಂತೆ ಎಂದು ಕೇಳಿ, ಹೋಗಿ ಸೇರಿಯೇಬಿಟ್ಟ. ಅಂಗಡಿಗಳು ಬಾಗಿಲು ಹಾಕಿದ ಮೇಲೆ ಇಡೀ ಸೀಮೆ ಫೋನಿನಲ್ಲೇ ಸಂತೆ ಮಾಡಲು ಶುರು ಮಾಡಿತ್ತು. ಆವಿ ಹಿಡಿಯುವ ಮೆಷಿನ್ನು, ಬೆರಳಿಗೆ ಸಿಕ್ಕಿಸಿ ಆಕ್ಸಿಜನ್ ನೋಡುವ ಡಬ್ಬಿ, ಮಕ್ಕಳ ಕ್ಲಾಸಿಗೆ ಮೊಬೈಲು, ಇವೆಲ್ಲ ಸರಿ. ಅದರ ಜೊತೆಗೆ ಕೇರಂ ಬೋರ್ಡು, ಕುಕ್ಕರು, ತಲೆ ಬೋಳಿಸುವ ಮೆಷಿನ್ನು, ಬ್ಯಾಕೋಡಿನ ಯಾರಿಗೋ ಕೇಕ್ ಸುಡುವ ಒಲೆ! ಗೋಡೌನಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಲೋಡು ಖಾಲಿ ಮಾಡಿ ಬರುವಷ್ಟರಲ್ಲಿ ಇನ್ನೊಂದು ಲೋಡು ಬಂದು ಬಿದ್ದಿರುತ್ತಿತ್ತು. 

ಸೇರಿದ ದಿನವೇ ನನಗೆ ಫೋನು ಮಾಡಿದ. "ಮನೇಲಿ ಕೂತು ಎಂತ ಮಾಡ್ತೀಯ? ಬಾ ಮಾರಾಯ, ಎಡಗಡೆ ಸೀಟು ಖಾಲಿ ಅದೆ. ನೀನಿಲ್ದೆ ನಂಗೆ ಆ ಕಡೆ ಕಾಣೋದೇ ಇಲ್ಲ."

ಕೊನೆಯ ಮಾತನ್ನು ಅವನು ನಗುತ್ತ ಹೇಳಿದ. ನನಗೆ ನಗು ಬರಲಿಲ್ಲ. ಏಕೆಂದರೆ ಅದು ನಿಜವೇ ಆಗಿತ್ತು. ಇವನು ಒಬ್ಬನೇ ಗಾಡಿ ಓಡಿಸಿದರೆ ಒಂದಲ್ಲ ಒಂದು ದಿನ ಎಡಗಡೆಗೆ ಇಳಿಸುತ್ತಾನೆ ಎಂದು ನನಗೆ ಆವಾಗಲೇ ಅನ್ನಿಸಿತ್ತು. ಮರುದಿನವೇ ಹೋದೆ. 

ಕೆಲವು ವಾರ ಜೊತೆಯಲ್ಲಿ ತಿರುಗಿದೆವು. ಆ ಕಾಲದಲ್ಲಿ ನಾನು ಬದುಕಿದ್ದೇನೆ ಎಂದು ಅನ್ನಿಸಿದ್ದು ಆ ವಾರಗಳಲ್ಲಿ ಮಾತ್ರ. ನಾನು ಕಿಟಕಿಯಿಂದ ಕೈ ಹೊರಗೆ ಹಾಕಿ ಬಾಗಿಲಿಗೆ ಬಡಿಯುವುದು, ಅವನು ನಿಲ್ಲಿಸುವುದು, ಎಲ್ಲ ಬಸ್ಸಿನ ಹಾಗೆಯೇ. ಕೆಳದಿಯಲ್ಲಿ ಒಬ್ಬ ಅಜ್ಜಿ ಮೊಣಕಾಲುದ್ದದ ಪೆಟ್ಟಿಗೆಯನ್ನು ನಮ್ಮ ಎದುರೇ ಬಿಚ್ಚಿಸಿದರು. ಕಾಗದ ತೆಗೆದರೆ ಕಾಗದ, ಅದರೊಳಗೆ ಇನ್ನೊಂದು ಪೆಟ್ಟಿಗೆ, ಕೊನೆಗೆ ಸಿಕ್ಕಿದ್ದು ಬೆರಳುದ್ದದ ಜ್ವರ ನೋಡುವ ಕಡ್ಡಿ. "ಅಯ್ಯಯ್ಯೋ, ಇದನ್ನ ತರಕ್ಕೆ ಇಬ್ರು ಗಂಡಸ್ರು ಬೇಕಾಯ್ತಾ?" ಎಂದು ಅಜ್ಜಿ ನಮ್ಮನ್ನೇ ದಬಾಯಿಸಿದರು. ಅವನು ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಕ್ಕ. 

ಅಜ್ಜಿ ಕೇಳಿದ್ದನ್ನೇ ಗೋಡೌನಿನ ಸೂಪರ್‌ವೈಸರೂ ಕೇಳಿದರು. ಅವರದು ಬೇರೆ ಧಾಟಿ. "ಇನ್ಮೇಲೆ ಗಾಡಿಗೆ ಒಬ್ಬರೇ. ಇಬ್ಬರು ಒತ್ತೊತ್ತಿ ಕೂತ್ರೆ ಕಾಯಿಲೆ ಹರಡ್ತದೆ ಅಂತ ಮೇಲಿನಿಂದ ಆರ್ಡರ್ ಆಗಿದೆ. ಅಲ್ಲದೆ ಆ ಸೀಟಲ್ಲೂ ಪಾರ್ಸೆಲ್ ಹಿಡೀತದೆ," ಎಂದರು. ಅವರಿಗೂ ನಿದ್ದೆ ಇರಲಿಲ್ಲ, ಕಣ್ಣು ಕೆಂಪಾಗಿತ್ತು. ಫೋನು ಕಿವಿಯಿಂದ ಇಳಿಯುತ್ತಲೇ ಇರಲಿಲ್ಲ. 

"ಸಾರ್, ಇವನಿಗೆ ಎಡಗಡೆ ನೋಡಿ ಅಭ್ಯಾಸ ಇಲ್ಲ," ಎಂದೆ.

ಅವರು ನನ್ನ ಮುಖ ನೋಡಿದರು. "ಡ್ರೈವರ್ ಅಲ್ವೇನ್ರಿ ಅವ್ರು?" 

ಅದಕ್ಕೆ ಏನು ಹೇಳುವುದು? ಡ್ರೈವರೇ. ಆ ರಸ್ತೆಯಲ್ಲಿ ಅವನಷ್ಟು ನಯವಾಗಿ ಬಸ್ಸು ಓಡಿಸುವವರು ಇರಲಿಲ್ಲ. ಬಸುರಿಯರು ಬೇರೆ ಬಸ್ಸು ಬಿಟ್ಟು ನಮ್ಮ ಬಸ್ಸಿಗೆ ಕಾಯುತ್ತಿದ್ದರು. ಆದರೆ ಅವನೊಬ್ಬನೇ ಅಲ್ಲ, ನಾವಿಬ್ಬರೂ ಸೇರಿ ಒಬ್ಬ ಡ್ರೈವರ್ ಎಂದು ಆ ಮನುಷ್ಯನಿಗೆ ಹೇಗೆ ತಿಳಿಸುವುದು? ಸುಮ್ಮನೆ ಮನೆಗೆ ಬಂದೆ. 

ಮುಂದಿನ ಭಾನುವಾರ ಹೊಸನಗರದಲ್ಲಿದ್ದ ಅವನ ಮನೆಗೆ ಹೋದೆ. ಅಂಗಳದಲ್ಲಿ ನಿಂತಿದ್ದ ಪಿಕಪ್ಪಿನಲ್ಲಿ ಅವನನ್ನು ಕೂರಿಸಿ, ಎಡಗಡೆಯ ಕನ್ನಡಿಯನ್ನು ನಾನೇ ತಿರುಗಿಸಿ ಸರಿ ಮಾಡಿದೆ. "ಹಿಂದಿನ ಚಕ್ರ ಕಾಣ್ತದಾ?"

"ಕಾಣ್ತದೆ. ಕಂಡ್ರೆ ಎಂತ ಆಯ್ತು? ಅದು ಬಡಿಯೋದಿಲ್ಲಲ್ಲ."

"ತಮಾಷೆ ಸಾಕು. ಕನ್ನಡಿ ನೋಡಿ ಓಡ್ಸು."

"ಆಯ್ತು ಮಾರಾಯ, ನೋಡ್ತೀನಿ. ನೀನು ನನ್ನ ಅಪ್ಪನಂಗೆ ಆಡ್ಬೇಡ."

ಆಮೇಲೆ ಒಂದು ದಿನ ಸಾಗರದಲ್ಲಿ ಅವನು ಲೋಡ್ ಮಾಡಿಕೊಂಡು ಹೊರಡುವಾಗ ನೋಡಿದೆ. ನನ್ನ ಸೀಟಿನಲ್ಲಿ ಪೆಟ್ಟಿಗೆಗಳು ಗಾಡಿಯ ಮಾಡಿನವರೆಗೆ ಕೂತಿದ್ದವು. ಕಿಟಕಿಯೂ ಕಾಣದು, ಕನ್ನಡಿಯೂ ಕಾಣದು. ನಾನು ಹೋಗಿ ಮೇಲಿನ ಎರಡು ಪೆಟ್ಟಿಗೆ ಇಳಿಸಿದೆ. ಇವತ್ತೇ ಮುಟ್ಟಬೇಕು ಎಂದು ಗೋಡೌನಿನವರು ಅವನ್ನು ಮತ್ತೆ ಏರಿಸಿದರು. ಸಿಟ್ಟು ನೆತ್ತಿಗೇರಿತು, ಆದರೆ ಯಾರ ಮೇಲೆ ಎಂದು ತಿಳಿಯಲಿಲ್ಲ. ನನ್ನ ಹೆಂಡತಿಯೇ ಆ ವಾರ ಒಂದು ಮಿಕ್ಸಿ ತರಿಸಿದ್ದಳು. 

ಅವನ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತೇನೆ. ಅವರೂ ಫೋನು ಮಾಡಿದರು. "ತಮ್ಮಾ, ಇವ್ರಿಗೆ ನೀನಾದ್ರೂ ಹೇಳು. ಊಟಕ್ಕೆ ಕೂತವ್ರು ಕೈಲಿ ತುತ್ತು ಹಿಡ್ಕಂಡೇ ನಿದ್ದೆ ಮಾಡ್ತಾರೆ. ಭಾನುವಾರನೂ ಈಗ ರಜೆ ಇಲ್ಲಂತೆ." ಹೇಳಿದೆ. "ಬಸ್ಸು ಶುರು ಆಗೋತನಕ ಅಷ್ಟೇ," ಎಂದ. ಎಲ್ಲರೂ ಎಲ್ಲದಕ್ಕೂ ಹಾಗೆಯೇ ಹೇಳುತ್ತಿದ್ದ ಕಾಲ ಅದು. 

ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ನಿಟ್ಟೂರಿನ ಚಹಾದಂಗಡಿಯವರು ಫೋನು ಮಾಡಿದರು. ಊರಿಗೆ ಮೊದಲು ಸಿಗುವ ತಿರುವಿನಲ್ಲಿ ಪಾರ್ಸೆಲ್ ಗಾಡಿ ಮಗುಚಿದೆ, ನಿನ್ನ ಡ್ರೈವರನಿಗೆ ಬಹಳ ಪೆಟ್ಟಾಗಿದೆ ಎಂದರು. ನಾನು "ಎಡಗಡೆಗಾ?" ಎಂದು ಕೇಳಿದೆ. ಅವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. 

ಬೈಕಿನಲ್ಲಿ ಹೋಗಿ ಮುಟ್ಟುವಷ್ಟರಲ್ಲಿ ಅವನನ್ನು ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಸಾಗಿಸಿದ್ದರು. ರಸ್ತೆಯ ಎಡಕ್ಕೆ ಕೆಳಗೆ ಹಳ್ಳ. ಅದರಲ್ಲಿ ಗಾಡಿ ಎಡಮಗ್ಗುಲಾಗಿ ಮಲಗಿತ್ತು. ನೆನೆದ ಪೆಟ್ಟಿಗೆಗಳನ್ನು ಜನ ಒಂದೊಂದಾಗಿ ಮೇಲಕ್ಕೆ ತಂದು ಸಾಲಾಗಿ ಇಡುತ್ತಿದ್ದರು. ನನ್ನ ಸೀಟು ಇದ್ದ ಜಾಗದಲ್ಲಿ ಸೀಟು ಇರಲಿಲ್ಲ. ಬರೀ ತಗಡು, ಅದರೊಳಗೆ ಒಂದು ಬಂಡೆ. ನನ್ನ ಗುರುತಿನವರೊಬ್ಬರು ಬೆನ್ನು ತಟ್ಟಿ, "ನಿನ್ನ ಪುಣ್ಯ ದೊಡ್ಡದು ಮಾರಾಯ. ನೀನು ಕೂತಿದ್ರೆ ಇವತ್ತು ಅಪ್ಪಚ್ಚಿ," ಎಂದರು. 

ನಾನು ಕೂತಿದ್ದರೆ ಗಾಡಿ ಅಲ್ಲಿಗೆ ಇಳಿಯುತ್ತಲೇ ಇರಲಿಲ್ಲ.   

ಎದುರಿಗೆ ಬಂದ ಲಾರಿಯವನು ಅಲ್ಲೇ ನೆನೆಯುತ್ತ ನಿಂತಿದ್ದ. ಪಾಪ, ನಡುಗುತ್ತಿದ್ದ. "ನಾನು ಪೂರ್ತಿ ಧರೆಗೆ ಒತ್ತಿ ನಿಲ್ಸಿದ್ದೆ ಅಣ್ಣ, ನೋಡಿ ಬೇಕಾರೆ. ಜಾಗ ಬೇಕಾದಷ್ಟಿತ್ತು. ಅವ್ರು ಮತ್ತೂ ಮತ್ತೂ ಎಡಕ್ಕೇ ಎಳೀತಾ ಹೋದ್ರು. ಯಾಕೆ ಅಂತ್ಲೇ ಗೊತ್ತಾಗ್ಲಿಲ್ಲ." ನಾನು ನೋಡಿದೆ. ಲಾರಿಯ ಚಕ್ರ ಗುಡ್ಡ ಕಡಿದ ಧರೆಯ ಮಣ್ಣಿನಲ್ಲೇ ಇತ್ತು. ನಮ್ಮ ಗಾಡಿಯ ಚಕ್ರದ ಗುರುತು ಆ ಕಡೆ ಅಂಚಿನಲ್ಲಿತ್ತು. ನಡುವೆ ಮಳೆ ನೀರು ಹರಿಯುವ ಖಾಲಿ ಡಾಂಬರು. 

ಯಾರೋ ಅವನ ಮೊಬೈಲನ್ನು ನನ್ನ ಕೈಗೆ ಕೊಟ್ಟರು. ಅದಕ್ಕೆ ಒಂದು ಗೀರೂ ಆಗಿರಲಿಲ್ಲ. ಅದು ರಿಂಗಾಗುತ್ತಲೇ ಇತ್ತು. ಎತ್ತಿದರೆ ಒಂದು ಹೆಣ್ಣು ದನಿ, "ನಮ್ಮ ಪಾರ್ಸೆಲ್ ಇನ್ನೂ ಬರ್ಲಿಲ್ವಲ್ಲ, ಎಲ್ಲಿದ್ದೀರಾ?" ಎಂದಿತು. "ಬರ್ತದೆ," ಎಂದೆ. ಮತ್ತೊಬ್ಬರು ಮಾಡಿದರು, ಅವರಿಗೂ "ಬರ್ತದೆ" ಎಂದೆ. ಬೈಯಬೇಕು ಎಂದೂ ಅನ್ನಿಸಲಿಲ್ಲ, ಅಳಬೇಕು ಎಂದೂ ಅನ್ನಿಸಲಿಲ್ಲ. ಎದೆಯ ಜಾಗದಲ್ಲಿ ಒದ್ದೆ ಗೋಣಿ ಇಟ್ಟ ಹಾಗಿತ್ತು. 

ಆಸ್ಪತ್ರೆಯ ಒಳಗೆ ಆಗ ಒಬ್ಬರನ್ನು ಮಾತ್ರ ಬಿಡುತ್ತಿದ್ದರು. ಅತ್ತಿಗೆ ಇದ್ದರು. ಅವನಿಗೆ ಎಚ್ಚರವಾದ ದಿನ ಅವರೇ ಫೋನು ಹಚ್ಚಿ ಅವನ ಕಿವಿಗೆ ಹಿಡಿದರು. "ನಿನ್ನ ಹತ್ರ ಮಾತಾಡ್ಬೇಕಂತೆ ತಮ್ಮಾ. ಬೇಡ ಅಂದ್ರೂ ಕೇಳೋದಿಲ್ಲ."

ಅವನ ದನಿ ಬಾವಿಯೊಳಗಿಂದ ಬಂದ ಹಾಗೆ ಬಂತು. "ಲಾರಿ ಬಂತು. ನಾನು ಎಡಕ್ಕೆ ಎಳ್ದೆ. ನೀನು ಬಡೀತೀಯ ಅಂತ ಕಾದೆ ಮಾರಾಯ." ಎಳೆದೆಳೆದು ಉಸಿರು ತೆಗೆದುಕೊಂಡ. "ಬಡೀಲಿಲ್ಲ. ಹಂಗಾರೆ ಜಾಗ ಅದೆ ಅಂತ ಎಳೀತಾನೇ ಹೋದೆ. ನೀನಿಲ್ಲ ಅನ್ನೋದೇ ನೆನಪಾಗ್ಲಿಲ್ಲ ನೋಡು."

ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದೆ. 

"ನೀ ಹೋಗಿ ನೋಡ್ದೆ ಅಲ್ವಾ?" ಎಂದ. "ಬಲಗಡೆ ಜಾಗ ಇತ್ತಾ?"

ಬಲಗಡೆ ಅವನದು. ತನ್ನ ಕಡೆಯಲ್ಲಿ ತಾನು ತಪ್ಪಿದೆನೇ ಎಂದು ಅವನು ಕೇಳುತ್ತಿದ್ದ. ಇಷ್ಟು ವರ್ಷದಲ್ಲಿ ಬಲಗಡೆಯ ಬಗ್ಗೆ ಅವನು ನನ್ನನ್ನು ಕೇಳಿದ್ದು ಅದೊಂದೇ ಸಲ. 

"ಎಲ್ಲಿತ್ತು ಮಾರಾಯ? ಲಾರಿ ರಸ್ತೆ ತುಂಬಾ ಇತ್ತು. ಯಾರು ಓಡ್ಸಿದ್ರೂ ಬೀಳೋದೇ," ಎಂದೆ.

"ಸೈ ಹಂಗಾರೆ," ಎಂದ. ಆಮೇಲೆ ಅತ್ತಿಗೆ ಫೋನು ತೆಗೆದುಕೊಂಡರು. 

ಒಳಗೆ ಬಹಳ ಪೆಟ್ಟಾಗಿತ್ತಂತೆ. ಅದೇ ವಾರ ಹೋಗಿಬಿಟ್ಟ. ತೀರ್ಥಹಳ್ಳಿ ಹತ್ತಿರದ ಅವನ ಹುಟ್ಟೂರಿನಲ್ಲಿ ಬೆಂಕಿ ಕೊಟ್ಟರು. ಹೆಚ್ಚು ಜನ ಸೇರುವ ಹಾಗಿರಲಿಲ್ಲ. ನಾನು ಗದ್ದೆಯ ಈಚೆಗೆ ರಸ್ತೆಯಲ್ಲಿ ನಿಂತು ಹೊಗೆ ನೋಡಿ ಬಂದೆ. ಕಣ್ಣಿಂದ ಒಂದು ಹನಿಯೂ ಇಳಿಯಲಿಲ್ಲ. ಊರಿನವರು ಸ್ಪೀಡಂತೆ, ನಿದ್ದೆಯಂತೆ, ಕುಡಿದಿದ್ದನಂತೆ ಎಂದೆಲ್ಲ ಮಾತಾಡಿದರು. ಕುಡಿದಿದ್ದನಂತೆ ಎಂದ ಒಬ್ಬನ ಕಾಲರ್ ಹಿಡಿದೆ. "ನಿನ್ನ ಮನೆ ಕುಕ್ಕರ್ ತರಕ್ಕೆ ಹೋದವ್ನು ಕಣೋ ಅವನು!" ಎಂದು ಕೂಗಿದೆ. ಮತ್ತೆ ಕೈ ಬಿಟ್ಟೆ.  

ಬಸ್ಸು ಶುರುವಾಯಿತು. ಓನರ್ ಹೊಸ ಡ್ರೈವರನನ್ನು ಹಾಕಿದ್ದಾರೆ, ಘಟ್ಟದ ಕೆಳಗಿನ ಸೀಮೆಯವನು, ವಯಸ್ಸು ಸಣ್ಣದು, ಒಳ್ಳೆಯವನು. ಕೆಲಸಕ್ಕೆ ಬಂದ ದಿನವೇ ಎಡಗಡೆಗೆ ಕನ್ನಡಿ ಬೇಕೇ ಬೇಕು ಎಂದು ಹಟ ಹಿಡಿದು ಹಾಕಿಸಿಕೊಂಡ. ಕೊಂಬೆ ಬಡಿಯುವ ಜಾಗ ಬಂದಾಗ ಬಸ್ಸು ನಿಲ್ಲಿಸಿ, ತಾನೇ ಇಳಿದು ಹೋಗಿ ಅದನ್ನು ಮಡಚುತ್ತಾನೆ. "ನೀವು ಒಳಗೆ ಬನ್ನಿ ಅಣ್ಣ, ನಾನು ನೋಡ್ಕಳ್ತೀನಿ," ಎನ್ನುತ್ತಾನೆ. ನಾನು ಒಳಗೆ ಹೋಗುವುದಿಲ್ಲ. ಬಾಗಿಲಲ್ಲೇ ನಿಲ್ಲುತ್ತೇನೆ. 

ಮೊನ್ನೆ ಅದೇ ತಿರುವಿನಲ್ಲಿ ಎದುರಿನಿಂದ ಲಾರಿ ಬಂತು. ಧರೆಗೆ ಒತ್ತಿ ನಿಂತಿತು. ನಮ್ಮವನು ಕನ್ನಡಿ ನೋಡುತ್ತ ನಿಧಾನಕ್ಕೆ ಎಡಕ್ಕೆ ಎಳೆದ. ನನ್ನ ಅಂಗೈ ಆಗಲೇ ತಗಡಿನ ಮೇಲಿತ್ತು. ಬಡಿಯಬೇಕಾಗಲಿಲ್ಲ. ಜನ ತುಂಬಿದ ಇಡೀ ಬಸ್ಸು ಲಾರಿಯ ಪಕ್ಕದಲ್ಲಿ ಹಾದು ಹೋಯಿತು. ನಾನು ಒಳಕ್ಕೆ ಬಗ್ಗಿ, ಆ ಕಡೆಯ ಕಿಟಕಿಯಿಂದ ಬಲಗಡೆ ನೋಡಿದೆ. ಜಾಗ ಇತ್ತು.