ಬೇರು ಬಂತೇ ಎಂದು ಕಿತ್ತು ನೋಡಿದವಳು

ಅಕ್ಕಾ, ನಿಮ್ಮ ಅಂಜೂರದ ಕಡ್ಡಿಗಳನ್ನು ಕೊಂದವಳು ನಾನು. ಒಂದಲ್ಲ, ಆರಕ್ಕೆ ಆರೂ. ಅವು ತಾವಾಗಿ ಒಣಗಲಿಲ್ಲ, ಗೆದ್ದಲು ಹತ್ತಲಿಲ್ಲ, ಬಿಸಿಲು ಹೊಡೆಯಲಿಲ್ಲ — ಬಿಸಿಲು ಹೊಡೆದದ್ದೇನೋ ನಿಜ, ಆದರೆ ಬಿಸಿಲಿಗೆ ಇಟ್ಟವಳೂ ನಾನೇ. ಅಣ್ಣ ತಮ್ಮಂದಿರನ್ನು ಕಟ್ಟಿಕೊಂಡು ಬಂದು, ಒಂದೇ ಹಿತ್ತಿಲಿನಲ್ಲಿ ಬಟ್ಟೆ ಒಣಗಿಸುತ್ತಾ, ಒಂದೇ ಬೋರ್‌ವೆಲ್ ನೀರು ಹಿಡಿಯುತ್ತಾ ಇರುವ ಓರಗಿತ್ತಿಯರು ನಾವು. ಆರು ವರ್ಷದಿಂದ ಈ ಮಾತನ್ನು ನುಂಗಿಕೊಂಡಿದ್ದೇನೆ. ಎದುರಿಗೆ ನಿಂತು ಹೇಳಲು ಎಷ್ಟೋ ಸಲ ಬಂದೆ, ಬಂದವಳು ಸಾಸಿವೆ ಕೇಳಿ ಇಸಕೊಂಡು ಹೋದೆ. ನನ್ನ ಅಡುಗೆಮನೆಯಲ್ಲಿ ಈಗ ನಿಮ್ಮ ಸಾಸಿವೆಯೇ ಎರಡು ಡಬ್ಬಿ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ಆ ಕಡ್ಡಿಗಳು ಎಲ್ಲಿಂದ ಬಂದವು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು — ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ನಗರಗೆರೆಯ ನಿಮ್ಮ ತವರಿನಲ್ಲಿ ನಿಮ್ಮಣ್ಣ ದನದ ಕೊಟ್ಟಿಗೆ ಕಟ್ಟಲು ಹೊರಟಾಗ, ನಿಮ್ಮಪ್ಪ ನೆಟ್ಟಿದ್ದ ಅಂಜೂರದ ಮರ ಅಡ್ಡ ಬಂತು. ಕಡಿಯುವ ಹಿಂದಿನ ದಿನ ನೀವು ಹೋಗಿ ಆರು ಕಡ್ಡಿ ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೂರು ಬಸ್ಸು ಬದಲಿಸಿ ಶಿಡ್ಲಘಟ್ಟದವರೆಗೂ ಮಡಿಲಲ್ಲಿಟ್ಟುಕೊಂಡು ತಂದಿರಿ. ಮದುವೆಮನೆಯಲ್ಲಿ ಜ್ಯೂಸ್ ಕೊಡುವಂಥ ಪ್ಲಾಸ್ಟಿಕ್ ಲೋಟಗಳಿಗೆ ತೆಂಗಿನ ನಾರಿನ ಪುಡಿ ತುಂಬಿ, ಒಂದೊಂದರಲ್ಲಿ ಒಂದೊಂದು ಕಡ್ಡಿ ನಿಲ್ಲಿಸಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನೆರಳಿನಲ್ಲಿಟ್ಟಿರಿ. ತಿಂಗಳು ಕಳೆಯುವುದರೊಳಗೆ ತುದಿಯಲ್ಲಿ ಪುಟ್ಟ ಎಲೆಗಳೂ ಲೋಟದ ಗೋಡೆಗೆ ಬೇರಿನ ಬಿಳಿಯ ಎಳೆಗಳೂ ಕಾಣತೊಡಗಿದವು. ಅಷ್ಟರಲ್ಲಿ ಚಿಂತಾಮಣಿಯಿಂದ ಫೋನು ಬಂತು. ತುಂಬು ಬಸುರಿ ಮಗಳಿಗೆ ಓಡಾಡಬೇಡ ಎಂದು ಡಾಕ್ಟರು ಹೇಳಿದ್ದರಿಂದ, ಬಾಣಂತನಕ್ಕೆ ನೀವೇ ಹೊರಟಿರಿ.

ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತು ನೀವು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. “ಸರೋಜಾ, ಬೇರು ಬೆಳ್ಳಗಿರೋವರ್ಗೂ ಮುಟ್ಬೇಡ ಕಣೇ. ಲೋಟದ ಸುತ್ತ ಸುತ್ಕೊಂಡು ಒಂಚೂರು ಕಂದು ಬಣ್ಣಕ್ಕೆ ತಿರುಗ್ಲಿ. ಆಮೇಲೆ ಒಂದಿನ ಸಂಜೆ, ಪುಡಿ ಉದುರ್ದಂಗೆ ಹಂಗೇ ಎತ್ತಿ ಸಣ್ಣ ಕುಂಡಕ್ಕೆ ಹಾಕು. ಗೊಬ್ಬರ ಈಗ್ಲೇ ಬೇಡ. ಹದಿನೈದು ದಿನ ನೆರಳಲ್ಲೇ ಇರ್ಲಿ.”

ನಾನು “ಹೂಂ ಅಕ್ಕ” ಎಂದೆ. ಮನಸ್ಸಿನಲ್ಲಿ — ಆರು ಕಡ್ಡಿಗೆ ಇಷ್ಟುದ್ದ ಪುರಾಣವೇ? ನಾನು ರೇಷ್ಮೆ ಸಾಕುವವರ ಮನೆಯಲ್ಲಿ ಹುಟ್ಟಿದವಳು. ಹಿಪ್ಪುನೇರಳೆ ಕಡ್ಡಿಯನ್ನು ಹೊಲದಲ್ಲಿ ಚುಚ್ಚಿ, ಹಿಮ್ಮಡಿಯಲ್ಲಿ ಮೆಟ್ಟಿ, ತಿರುಗಿ ನೋಡದೆ ಮನೆಗೆ ಬರುವುದೇ ನಮಗೆ ಗೊತ್ತಿದ್ದ ಕೃಷಿ. ತಲೆಕೆಳಗಾಗಿ ಚುಚ್ಚಿದರೂ ಅದು ಚಿಗುರುತ್ತದೆ ಎಂದು ನಮ್ಮಪ್ಪ ಜಂಬ ಕೊಚ್ಚುತ್ತಿದ್ದರು. ಅಂಥವರ ಮಗಳಿಗೆ ಕುಂಡಕ್ಕೆ ಕಡ್ಡಿ ಹಾಕುವುದನ್ನು ಹೇಳಿಕೊಡುತ್ತಾರಲ್ಲ ಎಂದು ನನಗೆ ನಗು ಬಂದಿತ್ತು.

ನಾಲ್ಕು ದಿನ ತಡೆದುಕೊಂಡೆ. ನನ್ನ ಸ್ವಭಾವ ನಿಮಗೆ ಗೊತ್ತಲ್ಲ — ದೋಸೆಯ ಅಂಚನ್ನು ಐದು ಸಲ ಎತ್ತಿ ನೋಡಿ, ಕೊನೆಗೆ ಹರಿದು, ಉಪ್ಪಿಟ್ಟಿನಂತೆ ಬಡಿಸುವವಳು. ಲೋಟದ ಹೊರಗಿನಿಂದ ಬೇರು ಕಾಣುತ್ತಿತ್ತು, ನಿಜ. ಆದರೆ ಒಳಗೂ ಇದೆಯೋ, ಗೋಡೆಗೆ ಮಾತ್ರ ಇದೆಯೋ? ಒಂದನ್ನು ಎಳೆದೆ. ಹಸಿ ಶ್ಯಾವಿಗೆಯಂಥ ಬೇರು, ಪಟಪಟನೆ ಮುರಿಯಿತು. ಉಳಿದ ಚೂರುಪಾರನ್ನು ನೋಡಿ ನನಗೆ ಎಂಥ ಸಂತೋಷ ಗೊತ್ತೇ! ಇದೆ, ಒಳಗೂ ಇದೆ! ಹಾಗಾದರೆ ಉಳಿದ ಐದರಲ್ಲಿ...? ಸಂಜೆಯೊಳಗೆ ಆರನ್ನೂ ನೋಡಿ ಮುಗಿಸಿದ್ದೆ.

ಕಿತ್ತದ್ದು ಆಯಿತು, ನೆಟ್ಟೇಬಿಡೋಣ ಎಂದುಕೊಂಡೆ. ಸಣ್ಣ ಕುಂಡ ಯಾಕೆ, ದೊಡ್ಡ ನೀಲಿ ಡ್ರಮ್ಮೇ ಇರುವಾಗ? ಹಟ್ಟಿಯಿಂದ ಆಗ ತಾನೇ ಬಾಚಿದ ಹಸಿ ಕುರಿಗೊಬ್ಬರ ತಂದು ಸುರಿದೆ. ಆರನ್ನೂ ಸಾಲಾಗಿ ಚುಚ್ಚಿದೆ, ನಡುಬಿಸಿಲು ಬೀಳುವ ಕಡೆಗೆ ತಳ್ಳಿದೆ, ಒಂದು ಬಕೆಟ್ ನೀರು ಹೊಯ್ದೆ. ಆಮೇಲೆ — ಇದನ್ನು ಬರೆಯಲು ಕೈ ಬರುತ್ತಿಲ್ಲ — ಸ್ಟೂಲು ಹಾಕಿಕೊಂಡು ಹತ್ತಿ, ನಿಮ್ಮಪ್ಪನ ಮರದ ಮಕ್ಕಳ ಬುಡವನ್ನು ಹಿಮ್ಮಡಿಯಲ್ಲಿ ಮೆಟ್ಟಿದೆ. ಮೂರನೆಯ ದಿನ ಎಲೆ ಜೋತುಬಿತ್ತು. ಬಾಯಾರಿಕೆ ಇರಬೇಕು ಎಂದು ಇನ್ನೊಂದು ಬಕೆಟ್ ಹೊಯ್ದೆ. ವಾರದೊಳಗೆ ಬುಡವೆಲ್ಲ ಮೆತ್ತಗಾಗಿ ನಾರತೊಡಗಿತು.

ನೀವೋ, ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು ವಿಡಿಯೋ ಕಾಲ್ ಮಾಡಿ, “ಕಡ್ಡಿ ತೋರ್ಸೇ” ಎನ್ನುತ್ತಿದ್ದಿರಿ. ಸಿಗ್ನಲ್ ಇಲ್ಲ ಎಂದು ಕಟ್ ಮಾಡುತ್ತಿದ್ದೆ. ನೀವು ಹೋದ ದಿನ ತೆಗೆದ ಫೋಟೋ ಒಂದಿತ್ತು, ಅದನ್ನೇ ಕಳಿಸಿದೆ. ಮುಂದಿನ ವಾರವೂ ಅದನ್ನೇ, ಸ್ವಲ್ಪ ಕತ್ತರಿಸಿ. “ಎಲೆ ಒಂದೂ ಜಾಸ್ತಿ ಆಗಿಲ್ವಲ್ಲೇ?” ಎಂದಿರಿ. “ಚಳಿ ಅಲ್ವಾ ಅಕ್ಕ, ನಿಧಾನಕ್ಕೆ ಬರುತ್ತೆ” ಎಂದೆ. ಆಗ ಶಿವರಾತ್ರಿ ಕಳೆದು ಹದಿನೈದು ದಿನವಾಗಿತ್ತು, ಫ್ಯಾನಿನ ಕೆಳಗೆ ಕೂತೂ ನನ್ನ ರವಿಕೆ ಒದ್ದೆಯಾಗಿತ್ತು.

ಇಲ್ಲಿಗೇ ನಿಲ್ಲಿಸಿದ್ದರೆ ಇದು ಬರೀ ದಡ್ಡತನವಾಗಿರುತ್ತಿತ್ತು. ನೀವು ಬರುವ ಹಿಂದಿನ ದಿನ ನಾನು ಸತ್ತ ಕಡ್ಡಿಗಳನ್ನು ಡ್ರಮ್ಮಿನಿಂದ ಕಿತ್ತು, ತೊಳೆದು, ಹಳೆಯ ಲೋಟಗಳಿಗೇ ನಾರಿನ ಪುಡಿ ತುಂಬಿ, ಮೊದಲಿನ ಹಾಗೆಯೇ ನಿಲ್ಲಿಸಿ, ಕಲ್ಲಿನ ಪಕ್ಕ ಜೋಡಿಸಿಟ್ಟೆ. ಕೊಲೆ ಮಾಡಿದವರು ಹೆಣಕ್ಕೆ ಹೊದಿಕೆ ಹೊದಿಸಿ ಮಲಗಿಸಿದ ಹಾಗೆ. ನೀವು ಬಂದವರು ಚಪ್ಪಲಿ ಕೂಡ ಬಿಡದೆ ಹಿತ್ತಿಲಿಗೆ ಹೋಗಿ ಒಂದು ಲೋಟ ಎತ್ತಿ ತಿರುಗಿಸಿ ನೋಡಿದಿರಿ. ನೀವು ಕೇಳುವ ಮೊದಲೇ ನನ್ನ ಬಾಯಿ ಓಡಿತು. “ನಾನ್ ಮುಟ್ಟೇ ಇಲ್ಲ ಅಕ್ಕ. ಕೈಗುಣ ಅಂತ ಒಂದಿರುತ್ತಲ್ಲ... ಕೆಲವ್ರ ಕೈಲಿ ಬರಲ್ಲ, ಏನ್ಮಾಡಕ್ಕಾಗುತ್ತೆ?”

ನೀವು ನಿಮ್ಮ ಬಲಗೈಯನ್ನು ನೋಡಿಕೊಂಡಿರಿ. ಏನೂ ಅಂಟಿರಲಿಲ್ಲ, ಆದರೂ ಸೆರಗಿಗೆ ಒರೆಸಿಕೊಂಡಿರಿ. “ಪೋನೀಲೇ ಸರೋಜಾ” ಎಂದಿರಿ. ಮನಸ್ಸು ಮುರಿದಾಗ ಮಾತ್ರ ನಿಮಗೆ ತವರಿನ ತೆಲುಗು ಬರುತ್ತದೆ. ಬೈದಿದ್ದರೆ ಎದುರುತ್ತರ ಕೊಡುತ್ತಿದ್ದೆ, ಅದಕ್ಕೆ ತಯಾರಾಗಿಯೇ ನಿಂತಿದ್ದೆ. ಹೋಗಲಿ ಬಿಡು ಎಂದುಬಿಟ್ಟಿರಲ್ಲ ಅಕ್ಕಾ!

ಅವತ್ತಿನಿಂದ ನೀವು ಮಣ್ಣಿಗೆ ಏನನ್ನೂ ಹಾಕಿಲ್ಲ. ಕೊತ್ತಂಬರಿ ಬೀಜ ಚೆಲ್ಲುವುದಕ್ಕೂ ಕಿಟಕಿಯಿಂದ ನನ್ನನ್ನು ಕೂಗುತ್ತೀರಿ. ಕರಿಬೇವು ನಾನು, ಸೋರೆ ಬೀಜ ನಾನು, ತುಳಸಿಯೂ ನಾನೇ. ಚಿಕ್ಕಬಳ್ಳಾಪುರದಲ್ಲಿ ನಿಮ್ಮ ಮಗನ ಗೃಹಪ್ರವೇಶಕ್ಕೆ ತೆಂಗಿನ ಸಸಿ ನೆಡಲು ನನ್ನನ್ನು ಕಾರಿನಲ್ಲಿ ಕರೆದುಕೊಂಡು ಹೋದಿರಿ. ಹೆತ್ತ ತಾಯಿ ನೀವು ಜನರ ಹಿಂದೆ ನಿಂತಿದ್ದಿರಿ, ನಾನು ರೇಷ್ಮೆ ಸೀರೆಯಲ್ಲಿ ಗುಂಡಿಗೆ ಮಣ್ಣೆಳೆಯುತ್ತಿದ್ದೆ, ಎಲ್ಲರೂ ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಿದ್ದರು. ಎಲ್ಲವೂ ಬೆಳೆಯಿತು — ಕೊತ್ತಂಬರಿ ಯಾರು ಚೆಲ್ಲಿದರೂ ಬೆಳೆಯುತ್ತದೆ! ಆದರೆ ಬೀದಿಯವರೆಲ್ಲ ಸರೋಜಮ್ಮನ ಕೈಗುಣ ಎಂದು ಸಸಿ ನೆಡಲು ನನ್ನನ್ನೇ ಕರೆಯತೊಡಗಿದರು. ನಾಚಿಕೆಗೇಡು ಏನೆಂದರೆ ನಾನೂ ನಂಬತೊಡಗಿದೆ. ಒಂದು ಮನೆಯಲ್ಲಿ ದಾಳಿಂಬೆ ಸಸಿ ನೆಟ್ಟು, ಅರಿಶಿನ ಕುಂಕುಮದ ಜೊತೆ ರವಿಕೆ ಬಟ್ಟೆಯನ್ನೂ ಇಸಕೊಂಡು ಬಂದೆ.

ಇವತ್ತು ಬೆಳಿಗ್ಗೆ ನೀವು ಪಾತ್ರೆಯಲ್ಲಿ ನೆನೆದ ಹುರಳಿ, ಮೇಲೊಂದು ಬಿಳಿ ಬಟ್ಟೆ ಹಿಡಿದು ಬಂದಿರಿ. “ಗಂಟು ನೀನೇ ಕಟ್ಕೊಡೇ ಸರೋಜಾ. ಹೋದ್ ವಾರ ಅರ್ಧಕ್ಕರ್ಧ ಮೊಳಕೆನೇ ಬರ್ಲಿಲ್ಲ. ನನ್ ಕೈ ಗೊತ್ತಲ್ಲ ನಿಂಗೆ” ಎಂದು ಪಾತ್ರೆ ಇಟ್ಟು ಹೋದಿರಿ. ಮೊದಲು ನನಗೆ ನಗು ಬಂತು, ಸುಳ್ಳು ಹೇಳುವುದಿಲ್ಲ. ಮೂವತ್ತು ವರ್ಷ ಈ ಮನೆಗೆ ಮೊಳಕೆ ಹುರಳಿ ಸಾರು ಬಡಿಸಿದವರು ನೀವು. ನಿಮ್ಮ ಸಾರಿನ ಆಸೆಗೆ ನನ್ನ ಗಂಡ ಈಗಲೂ ನಿಮ್ಮ ಕಡೆ ಬಾಗಿಲನ್ನೇ ನೋಡುತ್ತಾ ಕೂತಿರುತ್ತಾರೆ. ಅಂಗಡಿಯವನು ಹಳೆ ಹುರಳಿ ಕೊಟ್ಟರೆ ಅದೂ ನಿಮ್ಮ ಕೈಯ ತಪ್ಪೇ? ನಗು ನಿಂತಿತು. ಮೆಟ್ಟಿಲ ಮೇಲೆ ಕೂತು ತುಂಬ ಹೊತ್ತು ಅತ್ತೆ.

ಆ ಮರವನ್ನು ನಾನು ಮರಳಿ ಕೊಡಲಾರೆ. ಅದರ ಜಾಗದಲ್ಲಿ ನಿಮ್ಮ ಅಣ್ಣನ ಹಸುಗಳು ಮೆಲುಕು ಹಾಕುತ್ತಿವೆ. ನರ್ಸರಿಯಿಂದ ಬೇರೊಂದು ಅಂಜೂರ ತಂದು ನಿಲ್ಲಿಸಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಕ್ಷಮೆ ಕೇಳುವುದಕ್ಕೆ ನನಗೆ ಮುಖವಿಲ್ಲ. ಆದರೆ ಒಂದು ಸಾಕ್ಷಿ ಹೇಳುವುದು ಬಾಕಿ ಇದೆ, ಅದನ್ನು ಹೇಳಬಲ್ಲವಳು ಲೋಕದಲ್ಲಿ ನಾನೊಬ್ಬಳೇ — ನಿಮ್ಮ ಆರು ಕಡ್ಡಿಗೂ ಬೇರು ಬಂದಿತ್ತು ಅಕ್ಕಾ. ಬೆಳ್ಳಗೆ, ದಟ್ಟವಾಗಿ, ಒಳಗಿನವರೆಗೂ. ಆರನ್ನೂ ಕಿತ್ತು ನೋಡಿದ ಕಣ್ಣುಗಳು ಇವು.

ಹುರಳಿಯನ್ನು ನಾನು ಮುಟ್ಟಿಲ್ಲ. ಈ ಸಲ ನಿಜವಾಗಿಯೂ ಮುಟ್ಟಿಲ್ಲ. ಪಾತ್ರೆ, ಬಟ್ಟೆ, ಈ ಕಾಗದ ಮೂರನ್ನೂ ನಿಮ್ಮ ಬಾಗಿಲಲ್ಲಿಟ್ಟು ಹಿತ್ತಿಲಲ್ಲಿ ನಿಂತಿರುತ್ತೇನೆ. ಎಷ್ಟು ಬೈದರೂ ಬೈಸಿಕೊಳ್ಳುತ್ತೇನೆ, ಮಾತು ಬಿಟ್ಟರೂ ಸರಿಯೇ. ಗಂಟು ಮಾತ್ರ ನೀವೇ ಕಟ್ಟಿ.