ತಾಯಮ್ಮ ಹುಡುಕಿ ತಂದ ಹಳೆಯ ಫಿಲ್ಮು

ಬೆಳಗಿನ ಐದೂಮುಕ್ಕಾಲು. ಬರ್ಕ್ಲಿಯ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ತಾಯಮ್ಮ ಏಣಿಯ ಮೂರನೇ ಮೆಟ್ಟಿಲ ಮೇಲೆ ನಿಂತಿದ್ದಾರೆ. ಎಡಗೈ ಕಬ್ಬಿಣದ ಕಪಾಟಿನ ಅಂಚು ಹಿಡಿದಿದೆ. ಬಲಗೈ ಒತ್ತೊತ್ತಾಗಿ ನಿಲ್ಲಿಸಿದ ಕಂದು ಲಕೋಟೆಗಳ ನಡುವೆ ತೂರಿ ಒಂದನ್ನು ಎಳೆಯುತ್ತಿದೆ. ಮಡಿಸಿದ ದಿನಪತ್ರಿಕೆಯಷ್ಟು ಅಗಲದ ಆ ಲಕೋಟೆಯಲ್ಲಿ ರೋಗಿಯೊಬ್ಬರ ಎಕ್ಸ್‌ರೇ, ಸಿ.ಟಿ. ಸ್ಕ್ಯಾನುಗಳ ಫಿಲ್ಮುಗಳಿವೆ.

"ಇದು ಎಂಟು ತಿಂಗ್ಳ ಕೂಸಿನ ಭಾರ ಕಣ್ರೀ. ಎಷ್ಟು ದಿನದ ಕಾಯ್ಲೆಯೋ ಅಷ್ಟು ತೂಕ," ಎನ್ನುತ್ತ ಎದೆಗೆ ಅವುಚಿಕೊಂಡು ಇಳಿಯುತ್ತಾರೆ.

ಏಳಕ್ಕೆ ಡಾಕ್ಟರುಗಳು ಬರುವಷ್ಟರಲ್ಲಿ ಇವೆಲ್ಲ ಹಿಂದಿನಿಂದ ಬೆಳಕು ಬೀಳುವ ದೀಪದ ಹಲಗೆಯ ಮೇಲೆ ನೇತಾಡಬೇಕು. ಹಳೆಯದು ಎಡಕ್ಕೆ, ಹೊಸದು ಬಲಕ್ಕೆ. ಇಂದಿನ ರಾಶಿಯಲ್ಲಿ ಸರ್ವೋತ್ತಮ ಪೈ ಎಂಬ ರೋಗಿಯದೂ ಒಂದು ಲಕೋಟೆಯಿದೆ. ಎರಡು ತಿಂಗಳು ನುಂಗಿದ ಮಾತ್ರೆ ಕೆಲಸ ಮಾಡಿದೆಯೋ ಇಲ್ಲವೋ ಎಂಬುದು ನಿನ್ನೆ ಸಂಜೆ ತೆಗೆದ ಸ್ಕ್ಯಾನಿನಲ್ಲಿದೆ. ಆ ಲಕೋಟೆಯನ್ನು ತಾಯಮ್ಮ ರಾಶಿಗೆ ಹಾಕುವುದಿಲ್ಲ, ಬೇರೆಯೇ ಇಡುತ್ತಾರೆ.

ತಾಯಮ್ಮನಿಗೆ ನಲವತ್ತನಾಲ್ಕು. ಮಂಡ್ಯದ ಕಡೆಯವರು, ಓದಿದ್ದು ಎಸ್ಸೆಸ್ಸೆಲ್ಸಿ. ಗಂಡ ಕೆಂಪರಾಜು ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು, ಹತ್ತು ವರ್ಷದ ಹಿಂದೆ ಫ್ರೀಮಾಂಟಿನ ಕಾರು ಕಾರ್ಖಾನೆಗೆ ಬಂದರು. ಎಂಬತ್ತೆರಡರಲ್ಲಿ ಅದಕ್ಕೆ ಬೀಗ ಬಿತ್ತು. ಸಾವಿರಾರು ಜನರ ಅನ್ನ ಒಂದು ನೋಟಿಸಿನಲ್ಲಿ ಮುಗಿಯಿತು. ಕೆಂಪರಾಜು ಅವರಿಗೆ ಬೇರೆ ಕೆಲಸ ಸಿಗುವ ತನಕ ಮನೆ ನಡೆಸಲೆಂದು ತಾಯಮ್ಮ ಈ ನೆಲಮಾಳಿಗೆಗೆ ಇಳಿದರು. ಐದು ವರ್ಷವಾಯಿತು, ಮೇಲೆ ಬಂದಿಲ್ಲ.

ನಾಲ್ಕೂಕಾಲಿಗೆ ಮನೆ ಬಿಟ್ಟು ರೈಲು ಹಿಡಿಯುತ್ತಾರೆ. ದಿನಕ್ಕೆ ನೂರ ನಲವತ್ತು ಲಕೋಟೆ ತೆಗೆಯಬೇಕು, ಸಂಜೆಯೊಳಗೆ ಅಷ್ಟನ್ನೂ ಅದರದರ ಜಾಗಕ್ಕೆ ಸೇರಿಸಬೇಕು. ಫಿಲ್ಮಿನ ಅಂಚು ಕೊಯ್ದು ಕೊಯ್ದು ಹೆಬ್ಬೆರಳು ಒರಟಾಗಿದೆ. ಬಲಭುಜ ತಲೆ ಬಾಚುವಷ್ಟು ಮೇಲಕ್ಕೇಳುವುದಿಲ್ಲ. "ಕಪಾಟಿಗೆ ಏಳ್ತದೆ, ತಲೆಗೆ ಏಳಲ್ಲ. ಅದ್ಕೂ ಡ್ಯೂಟಿ ಯಾವ್ದು ಅಂತ ಗೊತ್ತು!"

ಬರ್ಕ್ಲಿ, ಫ್ರೀಮಾಂಟುಗಳಿರುವ ಈ ಕೊಲ್ಲಿಯ ಸುತ್ತಲಿನ ನಮ್ಮವರ ಬಗ್ಗೆ ಬರೆದದ್ದು ಕಡಿಮೆಯೇನಿಲ್ಲ. ಡಾಕ್ಟರು, ಎಂಜಿನಿಯರು, ಅವರ ಮನೆ, ಅವರ ಕಾರು. ಆ ಚಿತ್ರದಲ್ಲಿ ಏಣಿ ಹತ್ತಿದವರು ಬೀಳುವುದೇ ಇಲ್ಲ. ಯುಗಾದಿ ಊಟದಲ್ಲಿ ಒಬ್ಬರು ತಾಯಮ್ಮನನ್ನು ವಿಚಾರಿಸಿದರಂತೆ: "ಆಸ್ಪತ್ರೇಲಾ? ಡಾಕ್ಟರಾ, ನರ್ಸಾ?" "ಫೈಲಿಂಗು," ಎಂದರಂತೆ ಇವರು. ಕೇಳಿದಾಕೆ ಕೋಸಂಬರಿ ತರುತ್ತೇನೆಂದು ಎದ್ದುಹೋದವರು ವಾಪಸ್ಸಾಗಲಿಲ್ಲ. "ಕೋಸಂಬ್ರಿ ಖಾಲಿಯಾಗಿತ್ತೇನೋ," ಎಂದು ತಾಯಮ್ಮ ನಗುತ್ತಾರೆ. ನಗಬೇಕಾದ ವಿಷಯವಲ್ಲ ಅದು.

ಹಾಗೆ ಎದ್ದುಹೋದವರೆಲ್ಲ ಕೇಳಬೇಕಾದದ್ದು ಕಳೆದ ಫೆಬ್ರವರಿಯ ಸಂಗತಿ. ಇದನ್ನು ಬರೆಯಿರಿ ಎಂದು ನನಗೆ ಹೇಳಿದವರು ಸರ್ವೋತ್ತಮ ಅವರ ಹೆಂಡತಿ ವಿಮಲಾ ಅವರೇ.

ಉಡುಪಿ ಕಡೆಯ ಸರ್ವೋತ್ತಮ ಇಲ್ಲಿನ ಯೂನಿವರ್ಸಿಟಿಯ ಲ್ಯಾಬಿನಲ್ಲಿ ಸಂಶೋಧಕರು. ಕೆಮ್ಮಿದರೆ ರಕ್ತ, ಮೂಗಿನಲ್ಲಿ ಆರದ ಹುಣ್ಣು, ಬಿಡದ ಜ್ವರ. ಎದೆಯ ಸಿ.ಟಿ. ತೆಗೆದರೆ ಶ್ವಾಸಕೋಶದಲ್ಲಿ ಐದು ಗಂಟು. ಎರಡು ಗಂಟು ಒಳಗೆ ಟೊಳ್ಳಾಗಿದ್ದವು. ಇಂಡಿಯಾದವನೆಂದ ಮೇಲೆ ಕ್ಷಯವೇ ಇರಬೇಕು ಎಂದರು ಡಾಕ್ಟರೊಬ್ಬರು, ಬಣ್ಣ ನೋಡಿಯೇ ಅರ್ಧ ರೋಗ ಬರೆದುಬಿಡುವ ಜಾಣತನ! ಕಫದಲ್ಲಿ ಕ್ಷಯ ಸಿಗಲಿಲ್ಲ. ಹಾಗಾದರೆ ಎಲ್ಲಿಂದಲೋ ಹರಡಿದ ಕ್ಯಾನ್ಸರ್ ಎಂದರು. ಹಳೆಯ ಫಿಲ್ಮು ಇದ್ದರೆ ಹೋಲಿಸಬಹುದಿತ್ತು. 'ಹಿಂದಿನದು ಇಲ್ಲ' ಎಂದು ಚೀಟಿಯಲ್ಲಿ ಬರೆದಿತ್ತು. ವಿಮಲಾ ಅವರಿಗೆ ಕ್ಯಾನ್ಸರ್ ವಿಭಾಗದ ದಾರಿ ತೋರಿಸಿದರು.

ಫಿಲ್ಮಿನ ಗಾಡಿ ತಳ್ಳಿಕೊಂಡು ಹೋಗುತ್ತಿದ್ದ ತಾಯಮ್ಮನ ಕಿವಿಗೆ ಆಗ ಕನ್ನಡ ಬಿತ್ತು. "ಇಲ್ಲಿಯೇ ಅಲ್ವಾ ಎರಡು ವರ್ಷದ ಹಿಂದೆ ಮಾಡಿಸಿದ್ದು? ಇಲ್ಲ ಅಂತಾರಲ್ಲ, ಇದೆಂತ ಕಥೆ?" ಎಂದು ವಿಮಲಾ ಗಂಡನಿಗೆ ಹೇಳುತ್ತಿದ್ದರು.

ಗಾಡಿ ನಿಂತಿತು. "ಸಾರ್, ಆವಾಗ ಫಾರಮ್ಮಲ್ಲಿ ಏನ್ ಹೆಸ್ರು ಬರೆಸಿದ್ರಿ?"

ಸರ್ವೋತ್ತಮ ಯೋಚಿಸಿದರು. "ಆಗ ನಾನು ಪೈ ಹಾಕ್ತಿರ್ಲಿಲ್ಲ. ಜಾತಿ ಹೆಸರು ಬೇಡ ಅಂತ ಕಾಲೇಜಲ್ಲೇ ಬಿಟ್ಟಿದ್ದೆ. ಕೊನೆಯ ಹೆಸರು ಬೇಕೇ ಬೇಕು ಅಂದ್ರು, ಅಪ್ಪನ ಹೆಸರು ಬರೆದೆ. ಜಯರಾಮ ಅಂತ. ಗ್ರೀನ್ ಕಾರ್ಡಿನ ಹೊತ್ತಿಗೆ ಸರ್ಟಿಫಿಕೇಟಲ್ಲಿದ್ದ ಪೈ ವಾಪಸ್ ಬಂತು."

ಮನೆತನದ ಹೆಸರಿನ ಖಾನೆಯಲ್ಲಿ ಅಪ್ಪನನ್ನು ಕೂರಿಸುವುದು ನಮ್ಮವರಲ್ಲಿ ಅನೇಕರು ಮಾಡುವ ಎಡವಟ್ಟು. "ನಮ್ಮ ಯಜಮಾನ್ರನ್ನ ಫ್ಯಾಕ್ಟ್ರೀಲಿ ನಾಲ್ಕು ತಿಂಗ್ಳು ಅವ್ರಪ್ಪನ ಹೆಸ್ರಲ್ಲೇ ಕೂಗ್ತಿದ್ರು. ಅದ್ಕೇ ತಕ್ಷಣ ಹೊಳೀತು," ಎನ್ನುತ್ತಾರೆ ತಾಯಮ್ಮ. ಹನ್ನೊಂದನೇ ಸಾಲು, ಮೇಲಿನ ಹಲಗೆ, 'ಜಯರಾಮ, ಎಸ್.' ತಂದು ಹೊಸ ಫಿಲ್ಮಿನ ಎಡಕ್ಕೆ ತೂಗುಹಾಕಿದರು.

ಫಿಲ್ಮು ಓದುವ ಡಾ. ಕೆಲ್ಸೊ ಅದರ ಮುಂದೆ ಬಹಳ ಹೊತ್ತು ಕುಳಿತರಂತೆ. ಹಳೆಯದರಲ್ಲಿ ಬಲಗಡೆ ಮೇಲೆ ಎರಡು ಸಣ್ಣ ಗಂಟು, ಆಗ ಸೋಂಕಿನ ಗುರುತೆಂದು ಬಿಟ್ಟಿದ್ದವು. ಹೊಸದರಲ್ಲಿ ಆ ಜಾಗ ಶುಭ್ರ. ಐದೂ ಗಂಟುಗಳು ಬೇರೆ ಕಡೆ, ಕೆಲವಕ್ಕೆ ಬುಡದಲ್ಲಿ ರಕ್ತನಾಳವೊಂದು ಹೋಗಿ ಸೇರಿದೆ. ನಡುವೆ ಮೂಗು ಕಟ್ಟಿದ್ದಕ್ಕೆ ಕೊಟ್ಟಿದ್ದ ಸ್ಟೀರಾಯ್ಡಿಗೇ ಮೊದಲಿನವು ಕರಗಿದ್ದವು. "ಕ್ಯಾನ್ಸರ್ ಹೀಗೆ ಮನೆ ಖಾಲಿ ಮಾಡಿ ಹೋಗುವುದಿಲ್ಲ," ಎಂದು ಕೆಲ್ಸೊ ಮೇಲಿನ ಮಹಡಿಯ ಡಾಕ್ಟರುಗಳಿಗೆ ಫೋನು ಮಾಡಿದರು. ಮೂಗಿನ ಹುಣ್ಣಿನ ಚೂರು ಪರೀಕ್ಷೆಗೆ ಹೋಯಿತು. ಕ್ಯಾನ್ಸರಲ್ಲ. ವೆಗೆನರ್ಸ್ ಎಂಬ, ರಕ್ತನಾಳಗಳೇ ಉರಿಯೂತಕ್ಕೆ ಸಿಕ್ಕುವ ಅಪರೂಪದ ಕಾಯಿಲೆ. ಬಿಟ್ಟರೆ ಕೊಲ್ಲುತ್ತದೆ, ಹಿಡಿದರೆ ಮಾತ್ರೆಗೆ ಬಗ್ಗುತ್ತದೆ. 'ಹಿಂದಿನ ಫಿಲ್ಮಿನೊಂದಿಗೆ ಹೋಲಿಸಿದೆ' ಎಂದು ವರದಿಯಲ್ಲಿ ಒಂದು ಸಾಲಿದೆ. ಅದನ್ನು ಹುಡುಕಿ ತಂದ ಕೈಗೆ ಅಲ್ಲಿ ಜಾಗವಿಲ್ಲ.

ಏಳೂಕಾಲು. ಕೆಲ್ಸೊ ದೀಪದ ಹಲಗೆಯ ಮುಂದೆ ಬಂದು ನಿಲ್ಲುತ್ತಾರೆ. ತಾಯಮ್ಮ ಬಾಗಿಲ ಬಳಿ ಇಲ್ಲದ ಧೂಳು ಒರೆಸುತ್ತಿದ್ದಾರೆ. "ಟಾಯಾ, ಬಾ ಇಲ್ಲಿ," ಎಂದು ಕೆಲ್ಸೊ ಇಂಗ್ಲಿಷಿನಲ್ಲಿ ಕರೆದು ಬೆರಳಿಟ್ಟು ತೋರಿಸುತ್ತಾರೆ. ದೊಡ್ಡ ಟೊಳ್ಳು ಗಂಟಿದ್ದಲ್ಲಿ ತೊಗರಿಬೇಳೆಯಷ್ಟು ಕಲೆ. ಉಳಿದೆಡೆ ಎಳೆಯಂಥ ಗೆರೆಗಳು, ಅಷ್ಟೇ. ತಾಯಮ್ಮ ಸೆರಗಿಲ್ಲದೆ ಆಸ್ಪತ್ರೆಯ ನೀಲಿ ಕೋಟಿನ ತೋಳಿನಲ್ಲೇ ಕಣ್ಣೊರೆಸಿಕೊಳ್ಳುತ್ತಾರೆ.

ಎಂಟಕ್ಕೆ ವಿಮಲಾ ಕೌಂಟರಿನ ಕಿಟಕಿಗೆ ಬಂದು ಏನಾಯಿತೆಂದು ಕಣ್ಣಲ್ಲೇ ಕೇಳುತ್ತಾರೆ. ಡಾಕ್ಟರು ಹೇಳುವ ಮೊದಲು ಇವರು ಬಾಯಿ ಬಿಡುವಂತಿಲ್ಲ. "ಮೇಲೆ ಹೋಗವ್ವ, ಡಾಕ್ಟ್ರು ಹೇಳ್ತಾರೆ," ಎಂದು ಮುಖ ಬಿಗಿದುಕೊಂಡು ಕಳಿಸುತ್ತಾರೆ. ಅರ್ಧ ಗಂಟೆಯಲ್ಲಿ ಗಂಡ ಹೆಂಡತಿ ಇಬ್ಬರೂ ಮೆಟ್ಟಿಲಿಳಿದು ಬರುತ್ತಾರೆ. ವಿಮಲಾ ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯದು.

"ನಿಮಗೆ ಗೊತ್ತಿತ್ತು, ಅಲ್ವಾ ಮಾರಾಯ್ರೆ! ನಿಮ್ಮ ಮುಖ ನೋಡಿ ನನ್ನ ಜೀವವೇ ಹೋಗಿತ್ತು!"

"ರೂಲ್ಸು ಕಣವ್ವ. ನಕ್ಕುಬಿಟ್ರೆ ಕೆಲ್ಸ ಹೋಯ್ತದೆ ಅಂತ ಕೆನ್ನೆ ಕಚ್ಕೊಂಡಿದ್ದೆ."

"ಕೆಲಸ ಹೋದ್ರೆ ನಮ್ಮ ಲ್ಯಾಬಿಗೆ ಬನ್ನಿ ತಾಯಮ್ಮ, ಅಲ್ಲೂ ಯಾವುದೂ ಜಾಗದಲ್ಲಿಲ್ಲ," ಎನ್ನುತ್ತಾರೆ ಸರ್ವೋತ್ತಮ. ಇಷ್ಟು ತಿಂಗಳಲ್ಲಿ ಅವರು ಮಾಡಿದ ಮೊದಲ ತಮಾಷೆ ಇದು ಎಂದು ವಿಮಲಾ ಹೇಳುತ್ತಾರೆ.

ಅವರು ಹೋದ ಮೇಲೆ ತಾಯಮ್ಮ ಎರಡು ಹೆಸರಿನ ಎರಡು ಲಕೋಟೆಗಳನ್ನು ಒಂದು ಮಾಡಿ, ಮೇಲೆ ದಪ್ಪಕ್ಷರದಲ್ಲಿ ಸರ್ವೋತ್ತಮ, ಜಯರಾಮ, ಪೈ ಎಂದು ಮೂರೂ ಹೆಸರು ಬರೆಯುತ್ತಾರೆ. ನಿಮಗೇನು ಆಸೆ ಎಂದರೆ ಪೆನ್ನಿನ ಮುಚ್ಚಳ ಹಾಕುತ್ತ ಹೇಳುತ್ತಾರೆ:

"ಮುಂದಿನ ಸಲ ಇವ್ರ ಫಿಲ್ಮು ನೋಡಿ ಡಾಕ್ಟ್ರು ಆಕಳಿಸ್ಬೇಕು. ಏನೂ ಇಲ್ಲ, ಬೇಜಾರು, ತಗೊಂಡ್ಹೋಗು ಅನ್ಬೇಕು. ಅಷ್ಟೇ."